ಬಲೆಯಿಲ್ಲದ ದೋಟಿ

ನಾನು ಒಂದು ದೋಟಿ. ಉದ್ದನೆಯ ಬಿದಿರು, ತುದಿಗೆ ಕಬ್ಬಿಣದ ಕೊಕ್ಕೆ, ಅಷ್ಟೇ ನನ್ನ ಮೈ. ಎತ್ತರದ ಕೊಂಬೆಯನ್ನು ಎಳೆದು ಹೂ ಉದುರಿಸುವುದು ನನ್ನ ಕೆಲಸ. ನನ್ನನ್ನು ಮಾಡಿದವನು ಧಾರವಾಡದ ಮೇದಾರ ಫಕೀರಪ್ಪ, ದೇಸಾಯರ ವಾಡೆಯ ಅಂಗಳದಲ್ಲಿ ಕೂತು.

“ತುದಿಗೆ ಬಲಿ ಕಟ್ಟಲೇನ್ರಿ ಧಣ್ಯಾರ? ಹೂ ಕೆಳಗ ಬೀಳಂಗಿಲ್ಲ. ಒಬ್ಬರಽ ಹರಕೋಬಹುದು,” ಎಂದು ಅವನು ಕೇಳಿದ.

“ಒಬ್ಬರಽ ಯಾಕ ಹರೀಬೇಕೋ?” ಎಂದರು ಶೇಷಗಿರಿರಾಯರು. ಅವರ ಮದುವೆಯಾಗಿ ಆಗಿನ್ನೂ ತಿಂಗಳಾಗಿತ್ತು. ಬಾಗಿಲ ಮರೆಯಲ್ಲಿ ಹೆಂಡತಿ ಕುಮುದಾಬಾಯಿ ನಕ್ಕರು.

ವಾಡೆಯ ಹಿಂದೆ ದೊಡ್ಡ ತೋಟ. ರಾಯರ ಅಜ್ಜ, ಮುತ್ತಜ್ಜ ದೂರದೂರದಿಂದ ತಂದು ನೆಟ್ಟ ಗಿಡಗಳು. ನಡುವೆ ಕೆಂಡಸಂಪಿಗೆ. ದಿನಾ ಬೆಳಿಗ್ಗೆ ಅದರ ಹೂ ದೇವರಿಗೆ ಏರಬೇಕು. ನೆಲ ಮುಟ್ಟಿದ್ದು ನಡೆಯದು. ಹಾಗಾಗಿ ರಾಯರು ನನ್ನನ್ನು ಹಿಡಿದು ಎಳೆಯುತ್ತಿದ್ದರು, ಕುಮುದಾಬಾಯಿ ಕೆಳಗೆ ಸೆರಗು ಒಡ್ಡಿ ನಿಲ್ಲುತ್ತಿದ್ದರು.

“ಎಲ್ಲಿ ನೋಡಿ ಎಳೀತೀರಿ? ತಲಿ ಮ್ಯಾಲ ಬಿತ್ತು!”

“ತಲಿ ಅಂದ್ರ ನೆಲ ಏನು? ದೇವರು ನಡಸ್ಕೋತಾನ. ನಿಲ್ಲು, ಮತ್ತೊಂದು ಬೀಳಸ್ತೀನಿ.”

ಮೂರನೆಯ ವರ್ಷ ರಾಯರು ವಿಷಮಜ್ವರದಲ್ಲಿ ತೀರಿಕೊಂಡರು.

ಸೂತಕ ಕಳೆದ ಮೇಲೆ ಕುಮುದಾಬಾಯಿ ಒಬ್ಬರೇ ಬಂದರು. ಒಂದು ಕೈಯಲ್ಲಿ ನಾನು, ಇನ್ನೊಂದರಲ್ಲಿ ಸೆರಗು. ಕೊಂಬೆ ಎಳೆದೆ. ಹೂ ನೆಲಕ್ಕೆ ಬಿತ್ತು. ಮತ್ತೊಂದು, ಅದೂ ನೆಲಕ್ಕೆ. ತೋಟದ ಆಳು ಭರಮಪ್ಪ ಓಡಿಬಂದ.

“ದೋಟಿ ನನ್ನ ಕಡೆ ಕೊಡ್ರಿ ಬಾಯಾರ, ನಾ ಎಳೀತೀನಿ. ನೀವು ಸೆರಗು ಹಿಡೀರಿ.”

“ಬ್ಯಾಡ.”

“ಹಂಗಾರ ಬಲಿ ಕಟ್ಟಿಸಿ ತರತೀನ್ರಿ.”

“ಬ್ಯಾಡ ಅಂದೆನಲ್ಲೋ.”

ಅಂದು ದೇವರಿಗೆ ತುಳಸಿಯಷ್ಟೇ. ಮರುದಿನವೂ ಅಷ್ಟೇ. ಆದರೂ ಅವರು ದಿನಾ ಬರುತ್ತಿದ್ದರು. ನನ್ನನ್ನು ಕೈಗೆತ್ತಿಕೊಂಡು ಮೇಲೆ ನೋಡುತ್ತಿದ್ದರು, ಮತ್ತೆ ಗೋಡೆಗೆ ಒರಗಿಸುತ್ತಿದ್ದರು. ಹೂಗಳು ತಾವಾಗಿಯೇ ಉದುರಿ ಕೊಳೆಯುತ್ತಿದ್ದವು. ಎಷ್ಟೋ ವರ್ಷ ಹೀಗೇ ಕಳೆದು, ಕಡೆಗೆ ವಾಡೆ, ತೋಟ ಎರಡನ್ನೂ ಸರಕಾರಕ್ಕೆ ಬರೆದುಕೊಟ್ಟರು.

ಮೈದುನ ಬಂದು ಕೂಗಾಡಿದ. “ಕಂಡವರಿಗೆಲ್ಲಾ ಯಾಕ ಕೊಡ್ತೀರಿ ವೈನಿ?”

“ನೋಡೋರು ಬೇಕಲ್ಲ,” ಎಂದು ಒಳಗೆ ಹೋದರು.

ಈಗ ಇದು ಸಸ್ಯೋದ್ಯಾನ. ಗಿಡಗಳ ಕೊರಳಿಗೆ ಹೆಸರಿನ ತಗಡು. ಹೂ ಕೀಳಬಾರದೆಂದು ಅಲ್ಲಲ್ಲಿ ಫಲಕ. ನನಗೆ ಕೆಲಸವಿಲ್ಲ. ಕಾವಲು ಕೋಣೆಯ ಗೋಡೆಗೆ ಒರಗಿದ್ದೇನೆ. ಕೊಕ್ಕೆಗೆ ತುಕ್ಕು ಹಿಡಿದಿದೆ. ಮೈಗೆ ಹುಳ ಬಿದ್ದಿದೆ. ಸಂಪಿಗೆ ಮಾತ್ರ ಇಲ್ಲಿಂದಲೂ ಕಾಣುತ್ತದೆ.

ಮೊನ್ನೆ ಟಿಕೀಟು ಹಿಡಿದು ಕುಮುದಾಬಾಯಿ ಬಂದರು. ಕೂದಲು ಬೆಳ್ಳಗಾಗಿದೆ. ನನ್ನತ್ತ ನೋಡಲಿಲ್ಲ. ಸಂಪಿಗೆಯ ಕೆಳಗೆ ನಿಂತು ಕೊಂಬೆಯತ್ತ ಕೈ ಎತ್ತಿದರು. ಅವರು ಯಾರೆಂದು ತಿಳಿಯದ ಕಾವಲಿನ ಹೆಂಗಸು ಓಡಿದಳು.

“ಹರೀಬ್ಯಾಡ್ರಿ ಅಜ್ಜಿ, ದಂಡ ಹಾಕ್ತಾರ. ಬಿದ್ದದ್ದು ಬೇಕಾದಷ್ಟು ತಗೋರಿ.”

“ಬಿದ್ದದ್ದು ದೇವರಿಗೆ ನಡೆಯೂದಿಲ್ಲ ತಂಗಿ.”

“ದೇವರಿಗೆ ಬ್ಯಾಡ ಬಿಡ್ರಿ. ನಿಮಗ ತಗೋರಿ.”

ಕುಮುದಾಬಾಯಿ ಎತ್ತಿದ ಕೈ ಇಳಿಸಿದರು. ಆಮೇಲೆ ಬಗ್ಗಿ ಒಂದು ಹೂ ಎತ್ತಿಕೊಂಡರು. ಅಂಟಿದ ಮಣ್ಣನ್ನು ಊದಿದರು. ಮೂಗಿಗೆ ಹಿಡಿದು ಕಣ್ಣು ಮುಚ್ಚಿದರು. ದೇವರಿಗೆ ಏರುವ ಹೂ ಮೂಸಬಾರದೆಂದು ಆ ಮರದ ಒಂದು ಹೂವನ್ನೂ ಅವರು ನನ್ನೆದುರು ಮೂಸಿದ್ದಿಲ್ಲ.

ನನಗೆ ಮೂಗಿಲ್ಲ. ನಾನು ಉದುರಿಸಿದ್ದಕ್ಕೆ ಎಂಥ ಪರಿಮಳವಿತ್ತೋ ತಿಳಿಯದು. ಅವರ ಮುಖ ನೋಡಿ ಊಹಿಸುತ್ತಿದ್ದೆ. ಗೇಟು ಮುಚ್ಚುವ ಸೀಟಿ ಕೇಳಿಸಿತು. ಅವರು ಇನ್ನೊಂದು ಹೂವಿಗಾಗಿ ಬಗ್ಗಿದರು.