ಇಂದಾಫಾನ ತಾಯಿ

ಪೋರ್ಚುಗೀಸರು ಗಂಟುಮೂಟೆ ಕಟ್ಟಿಕೊಂಡು ಹೋದ ಮೇಲಿನ ಎರಡನೆಯ ಬೆಳೆ ಹಾಲುಗಟ್ಟುವ ಹೊತ್ತಿಗೆ, ರಾಜಧಾನಿ ಬಿಸ್ಸಾವ್ ಪಟ್ಟಣದಿಂದ ಸಿನಿಮಾದವರು ಜೀಪಿನಲ್ಲಿ ಬಂದರು. ಅವರ ಮುಂದಾಳು ಜುವೆನಾಲ್ ಎಂಬ ಯುವಕ. ಹೋರಾಟದ ಕಾಲದಲ್ಲೇ ಪಕ್ಷ ಅವನನ್ನು ಹೊರದೇಶಕ್ಕೆ ಕಳಿಸಿ ಸಿನಿಮಾ ಕಲಿಸಿತ್ತು. ಊರಿನ ಮೇಲೆ ಪೋರ್ಚುಗೀಸರ ವಿಮಾನ ಬಾಂಬು ಹಾಕಿದ ದಿನವನ್ನು ಸಿನಿಮಾ ತೆಗೆಯಬೇಕೆಂದು ಅವನು ನೇರವಾಗಿ ಕಿಂತಾಳ ಅಂಗಳಕ್ಕೇ ಬಂದ. ಆ ದಿನ ಸತ್ತವನು ಅವಳ ಹಿರಿಯ ಮಗ ಇಂದಾಫಾ. ಗದ್ದೆಯಲ್ಲಿ ಹಕ್ಕಿ ಕಾಯುತ್ತಿದ್ದ ಹುಡುಗ.

"ಅವ್ವಾ, ನೀನೇನೂ ನಟನೆ ಮಾಡಬೇಕಾಗಿಲ್ಲ. ಆವತ್ತು ಏನು ಮಾಡಿದ್ಯೋ ಅದನ್ನೇ ಮಾಡು, ಸಾಕು" ಅಂದ ಜುವೆನಾಲ್.

"ಆವತ್ತು ನಾನು ಹಕ್ಕಿ ಓಡಿಸ್ದೆ ಕಣಪ್ಪಾ."

ಅವನಿಗೆ ತಿಳಿಯಲಿಲ್ಲ. ಕಿಂತಾ ಬಿಡಿಸಿ ಹೇಳಿದಳು. ವಿಮಾನ ಹೋದ ಮೇಲೆ ಅವಳು ಓಡಿ ಬಂದಾಗ ಮಗ ಬದುವಿನ ಮೇಲೆ ಬಿದ್ದಿದ್ದ. ಸದ್ದಿಗೆ ಹಾರಿಹೋಗಿದ್ದ ಹಕ್ಕಿಗಳು ಮೋಡದ ಹಾಗೆ ಬಂದು ತೆನೆಗೆ ಇಳಿಯುತ್ತಿದ್ದವು. ಅವಳು ಸೊಂಟದ ಬಟ್ಟೆ ಬಿಚ್ಚಿ ಮಗನಿಗೆ ಹೊದಿಸಿದಳು. ಅವನ ಕವಣೆ ತಗೊಂಡು ಹೊತ್ತು ಮುಳುಗುವ ತನಕ ಕೂಗುತ್ತಾ ಹಕ್ಕಿ ಓಡಿಸಿದಳು. ಯಾಕೆ ಅಂತ ಅವಳಿಗೂ ಗೊತ್ತಿರಲಿಲ್ಲ. ಕಾಡಿನಲ್ಲಿದ್ದ ಹೋರಾಟದ ಹುಡುಗರೂ ಆ ಅಕ್ಕಿಯನ್ನೇ ಉಣ್ಣಬೇಕಿತ್ತು, ಅಷ್ಟೆ.

ಜುವೆನಾಲ್ ತಲೆ ತಗ್ಗಿಸಿದ. "ನನಗೆ ಅರ್ಥ ಆಗುತ್ತೆ ಅವ್ವಾ. ನೋಡೋ ಜನಕ್ಕೆ ಆಗಲ್ಲ. ಮಗ ಸತ್ತು ಬಿದ್ದಿದಾನೆ, ತಾಯಿ ಹಕ್ಕಿ ಓಡಿಸ್ತಾ ಇದಾಳೆ ಅಂದ್ರೆ ಕಲ್ಲೆದೆ ಅಂತಾರೆ. ಒಂದಿಷ್ಟು ಅತ್ತುಬಿಡು."

ಯಾರದೋ ಮಗುವಿಗೆ ರಕ್ತದ ಹಾಗೆ ಕಾಣಲೆಂದು ಕೆಂಪು ತಾಳೆಯೆಣ್ಣೆ ಬಳಿದು ಬದುವಿನ ಮೇಲೆ ಮಲಗಿಸಿದರು. ಇರುವೆ ಹತ್ತಿ ಅದು ಕಿಸಿಕಿಸಿ ನಗುತ್ತಿತ್ತು. ಕಿಂತಾ ಕುಕ್ಕರಗಾಲಲ್ಲಿ ಕೂತು ನೋಡಿದಳು. ಇರುವೆ ಕೊಡವಿದಳು. ಬಟ್ಟೆ ಸರಿಮಾಡಿದಳು. ಕಣ್ಣಿನಲ್ಲಿ ಒಂದು ಹನಿಯೂ ಬರಲಿಲ್ಲ.

"ರೀಲು ಸುಮ್ನೆ ಖರ್ಚಾಗ್ತಿದೆ, ಇನ್ನೊಂದು ಬೇಕಂದ್ರೆ ಹಡಗಿನಲ್ಲಿ ಬರಬೇಕು ಅವ್ವಾ" ಎಂದು ಜುವೆನಾಲ್ ಪೇಚಾಡಿಕೊಂಡ.

ಆಗ ಹೆಂಗಸರ ಗುಂಪಿನಿಂದ ಸೆಗುಂಡಾ ಮುಂದೆ ಬಂದಳು. ಕಿಂತಾಳ ಪಕ್ಕದ ಮನೆಯವಳು. ಮಕ್ಕಳಿಲ್ಲವೆಂದು ಗಂಡ ಬಿಟ್ಟುಹೋಗಿದ್ದ. ಊರನ್ನೆಲ್ಲ ನಗಿಸುವ ಬಾಯಿ ಅವಳದು. "ಅಳೋದು ತಾನೆ? ಆ ಮುಂಡೇಗಂಡ ಓಡಿಹೋದಾಗ ಅಳದೆ ಉಳಿಸಿಟ್ಟಿದ್ದು ಬೇಕಾದಷ್ಟಿದೆ, ಸರ್ಕೊಳ್ರಿ!" ಹೆಂಗಸರೆಲ್ಲ ಗೊಳ್ಳೆಂದರು.

ಆಮೇಲೆ ಅವಳು ಮಗುವಿನ ಮೇಲೆ ಬಿದ್ದು, "ಇಂದಾಫಾ, ನನ್ನ ಕಂದಾ" ಎಂದು ಕೂಗಿದ ಕೂಗಿಗೆ ಮಗು ಹೆದರಿ ತಾನೂ ಅತ್ತಿತು. ಕ್ಯಾಮೆರಾದವನು ತೋಳಿನಿಂದ ಕಣ್ಣೊರೆಸಿಕೊಂಡ.

ಮರುವರ್ಷ ಬೇಸಗೆಯಲ್ಲಿ ಊರಿನ ದೊಡ್ಡ ಬೂರುಗದ ಮರಕ್ಕೆ ಬಿಳಿ ಬಟ್ಟೆ ಕಟ್ಟಿ ಸಿನಿಮಾ ತೋರಿಸಿದರು. ಊರಿಗೆ ಊರೇ ಅತ್ತಿತು. ಹೀಗೆ ಅಳಬೇಕಾಗಿತ್ತು ನಾನು ಎಂದು ಕಿಂತಾ ಅಂದುಕೊಂಡಳು.

ಆಗಸ್ಟಿನಲ್ಲಿ ಹುತಾತ್ಮರ ದಿನಕ್ಕೆ ಪಟ್ಟಣದಿಂದ ಲಾರಿ ಬಂತು. ಸಿನಿಮಾದಲ್ಲಿ ಅತ್ತ ತಾಯಿಯನ್ನೇ ಕರೆತರಲು ಹೇಳಿದ್ದರಂತೆ. ಸೆಗುಂಡಾ ಪೆಚ್ಚಾಗಿ ಬಂದು, "ಅಕ್ಕಾ, ಏನ್ ಮಾಡ್ಲಿ? ನೀನೇ ಹೋಗ್ತೀಯಾ?" ಎಂದಳು.

"ನಾಟಿ ಇದೆ. ನೀನೇ ಹೋಗಿ ಬಾ" ಅಂದಳು ಕಿಂತಾ. ದೊಡ್ಡವರ ಮುಂದೆ ಮತ್ತೆ ಅಳು ಬಾರದೆ ನಿಲ್ಲುವುದು ಅವಳಿಗೆ ಬೇಡವಾಗಿತ್ತು.

ಅಲ್ಲಿಂದ ಪ್ರತಿ ವರ್ಷವೂ ಲಾರಿ ಸೆಗುಂಡಾಳ ಬಾಗಿಲಿಗೇ ಬಂದು ನಿಲ್ಲತೊಡಗಿತು. ಹಳಬರು ಒಬ್ಬೊಬ್ಬರಾಗಿ ಮಣ್ಣು ಸೇರಿದರು. ಒಂದು ಬೆಳಗ್ಗೆ ಬಾವಿಯ ಹತ್ತಿರ ಕಿಂತಾ ಮಾತಿನ ನಡುವೆ ಮಗನ ಹೆಸರೆತ್ತಿದಾಗ ಶಾಲೆಯ ಹುಡುಗಿಯೊಂದು ನಕ್ಕುಬಿಟ್ಟಿತು. "ಅಯ್ಯೋ ಅಜ್ಜೀ, ಇಂದಾಫಾ ಸೆಗುಂಡಜ್ಜಿ ಮಗ! ನಮ್ ಮೇಷ್ಟ್ರು ಹೇಳಿದಾರೆ. ಸಿನಿಮಾದಲ್ಲೂ ಐತಂತೆ."

ಕಿಂತಾ ಕೊಡ ಅಲ್ಲೇ ಬಿಟ್ಟು ಹೋದಳು. ಸೆಗುಂಡಾ ಹಿತ್ತಲಲ್ಲಿ ಮೀನಿಗೆ ಹೊಗೆ ಹಾಕುತ್ತಿದ್ದಳು.

"ನನ್ನ ಮಗನ್ನ ಕೊಡು" ಅಂದಳು ಕಿಂತಾ.

ಸೆಗುಂಡಾ ಯಾವಾಗಿನಂತೆ ತಮಾಷೆ ಮಾಡಲಿಲ್ಲ. ಬೆಂಕಿ ಕೆದಕಿದಳು. "ಮೊದಮೊದಲು ಆಟ ಆಗಿತ್ತು ಅಕ್ಕಾ. ಈಗ ಅವನ ಹೆಸರು ಹೇಳಿದರೆ ನನ್ನ ಎದೆ ಬಿಗಿಯುತ್ತೆ, ಹಾಲೇ ಕಾಣದ ಎದೆ. ನಿನಗೆ ಇನ್ನೂ ಮೂವರು ಇದಾರೆ. ಇವನೊಬ್ಬ ನನ್ನ ಹತ್ರ ಇರಲಿ ಬಿಡು."

ಹೊಡೆಯಲು ಎತ್ತಿದ ಕಿಂತಾಳ ಕೈ ಹಾಗೇ ನಿಂತಿತು. "ಅವನ ಮೊಣಕಾಲ ಮೇಲೆ ಏನಿತ್ತು, ಹೇಳು ನೋಡೋಣ?"

ಸೆಗುಂಡಾಳಿಗೆ ಗೊತ್ತಿರಲಿಲ್ಲ. ಪಕ್ಕದ ಮನೆಯ ಹುಡುಗ. ಎಷ್ಟೋ ಸಲ ಬೈದಿದ್ದಳು, ಎಷ್ಟೋ ಸಲ ಉಣಿಸಿದ್ದಳು. ಮೊಣಕಾಲು ಮಾತ್ರ ನೆನಪಿಲ್ಲ.

ಕಿಂತಾ ಕೆಳಗೆ ಕೂತಳು. ಯಾರು ತಾಯಿಯಾದರೇನು, ಹೀಗೇ ಬಿಟ್ಟರೆ ಹುಡುಗನೇ ಇಲ್ಲವಾಗುತ್ತಾನೆ ಎಂದು ಅವಳಿಗೆ ದಿಗಿಲಾಯಿತು. ಸಿನಿಮಾದಲ್ಲಿ ಸತ್ತದ್ದು ಬರೀ ಒಂದು ಹೆಸರು. "ಸಿಂಪಿ ಚಿಪ್ಪು ಕೊಯ್ದ ಗಾಯ" ಅಂದಳು. "ಮಾತು ತೊದಲ್ತಾ ಇದ್ದ. ಸಿಟ್ಟು ಬಂದಾಗ ಮಾತು ಹೊರಡದೆ ಹಾಡಿನ ಹಾಗೆ ರಾಗ ಎಳೆದು ಬೈಯ್ತಿದ್ದ. ಸೀದ ಅನ್ನ ಅಂದ್ರೆ ಪ್ರಾಣ." ಮಧ್ಯಾಹ್ನದ ತನಕ ಹೇಳಿದಳು. ಸೆಗುಂಡಾ ಒಂದೊಂದನ್ನೂ ಬಾಯಲ್ಲೇ ಮತ್ತೆ ಹೇಳಿಕೊಂಡಳು. ಮೀನು ಕರಕಲಾಯಿತು.

ಆ ವರ್ಷದ ಹುತಾತ್ಮರ ದಿನದ ಸಭೆಯನ್ನು ರೇಡಿಯೋದಲ್ಲಿ ಕೇಳಿಸಿದರು. ನಾಟಿಗೆ ಹೊರಟಿದ್ದ ಹೆಂಗಸರು ಊರಿನ ಮುಖಂಡನ ಜಗಲಿಯಲ್ಲಿ ನಿಂತು ಕೇಳಿದರು. ಸೆಗುಂಡಾ ತೊದಲುಮಾತು ಹೇಳಿದಳು, ಸಿಂಪಿಯ ಗಾಯ ಹೇಳಿದಳು. ಎಲ್ಲ ಸರಿಯಾಗಿತ್ತು. ಕೊನೆಗೆ ಕಿಂತಾ ಹೇಳಿಕೊಡದ ಒಂದು ಮಾತನ್ನೂ ಸೇರಿಸಿದಳು: "ಪ್ರಾಣ ಹೋಗುವಾಗ ನನ್ನ ತೊಡೆ ಮೇಲಿದ್ದ. ಅವ್ವಾ ಅಂತ ಎರಡು ಸಲ ಕರೆದ."

ಆವತ್ತು ಕಿಂತಾ ಓಡಿ ಹೋಗುವಷ್ಟರಲ್ಲಿ ಹುಡುಗ ತಣ್ಣಗಾಗಿದ್ದ. ಕರೆದಿದ್ದನೋ ಇಲ್ಲವೋ ಅವಳಿಗೂ ತಿಳಿಯದು.

ಪಕ್ಕದಲ್ಲಿದ್ದ ಎಳೆಯ ಸೊಸೆಯೊಬ್ಬಳು ಸೆರಗಿನಿಂದ ಮೂಗೊರೆಸಿಕೊಳ್ಳುತ್ತಾ, "ಪಾಪ, ಹೆತ್ತ ಕರುಳು ಅಲ್ವಾ ಅಜ್ಜೀ" ಅಂದಳು.

"ಹೂಂ, ಪಾಪ" ಅಂದಳು ಕಿಂತಾ. ಸಸಿಯ ಕಟ್ಟನ್ನು ತಲೆಗೇರಿಸಿಕೊಂಡು, ಉಳಿದವರಿಗೆ ಕಾಯದೆ, ಕೆಸರಿಗೆ ಇಳಿದಳು.