ಪರಿಹಾರ ಹಿಂದಿರುಗಿಸಲು ಬಂದ ದರ್ಜಿ

ಸರ್ಕಾರ ಕೊಟ್ಟ ಹಣವನ್ನು ವಾಪಸ್ ತೆಗೆದುಕೊಳ್ಳಿ ಎಂದು ಒಬ್ಬ ಮನುಷ್ಯ ಜಗಳಕ್ಕೆ ನಿಂತಿದ್ದಾನೆ ಎಂಬ ಸುದ್ದಿಯಾಗಿಯೇ ದರ್ಜಿ ಮಾಸ್ಟರು ಮೊದಲು ನನ್ನ ಕಿವಿಗೆ ಬಿದ್ದದ್ದು. ಹೇಳಿದವಳು ಪರಿಹಾರ ಕಚೇರಿಯಲ್ಲಿ ಕಸ ಗುಡಿಸುವವಳು. ಬಸ್ ನಿಲ್ದಾಣದಲ್ಲಿ ಯಾರೋ ಚೀಲದಲ್ಲಿಟ್ಟು ಹೋದ ಬಾಂಬು ಸಿಡಿದು ಆಗ ಕೆಲವು ತಿಂಗಳಾಗಿದ್ದವು. ಅಂದು ಕೆಲಸಕ್ಕೆಂದು ಹೊರಟ ನನ್ನ ತಂಗಿ ಮನೆಗೂ ಮರಳಿರಲಿಲ್ಲ, ಆಸ್ಪತ್ರೆಯ ಶವಾಗಾರದಲ್ಲೂ ಸಿಕ್ಕಿರಲಿಲ್ಲ. ಹೆಣ ಸಿಗದವರು ಸತ್ತವರಲ್ಲ, ಕಾಣೆಯಾದವರು. ಕಾಣೆಯಾದವರ ಪರಿಹಾರಕ್ಕೆ ಏಳು ವರ್ಷ ಕಾಯಬೇಕು ಎಂದು ಗುಮಾಸ್ತ ಪ್ರತಿ ಸಲವೂ ಹೇಳುತ್ತಿದ್ದ. ತಂಗಿ ಬಿಟ್ಟುಹೋದ ಮಗಳ ಹೊಟ್ಟೆಗೆ ಏಳು ವರ್ಷ ಕಾಯುವುದು ಗೊತ್ತಿಲ್ಲವಲ್ಲ, ನಾನು ಅಲ್ಲಿಯ ಬೆಂಚು ಸವೆಸುತ್ತಿದ್ದೆ.

"ನಿಂಗೆ ಕೊಡಲ್ಲ ಅಂತಾರೆ, ಅವನು ಬೇಡ ಅಂತಾನೆ. ಇಬ್ರನ್ನೂ ಎದುರುಬದುರು ಕೂರಿಸಿದ್ರೆ ಸರಿಹೋಗುತ್ತೆ ಕಣಕ್ಕ" ಎಂದು ಕಸ ಗುಡಿಸುವವಳು ನಕ್ಕಳು.

ಮಾಸ್ಟರನ್ನು ಕೂರಿಸುವುದು ಯಾರ ಕೈಲೂ ಆಗುವ ಮಾತಾಗಿರಲಿಲ್ಲ. ಬೆಂಚು ಖಾಲಿಯಿದ್ದರೂ ಗೋಡೆಯಿಂದ ಗೋಡೆಗೆ ನಡೆಯುವರು, ನಿಂತರೆ ನಿಂತಲ್ಲೇ ಬಲಗಾಲು ಕಾಣದ ಹೊಲಿಗೆಯಂತ್ರವೊಂದನ್ನು ತುಳಿಯುತ್ತಲೇ ಇರುವುದು, ಯಾವ ಹೆಂಗಸು ಬೆನ್ನು ತಿರುಗಿಸಿ ಹೋದರೂ ಅವರ ಕಣ್ಣು ಅವಳ ಭುಜದ ಇಳಿಜಾರಿನ ಮೇಲೆ ಜಾರಿ ನಿರಾಶೆಯಿಂದ ಹಿಂದಕ್ಕೆ ಬರುವುದು. ಊರಿಗೆಲ್ಲ ಗುಂಡಿ ಹಚ್ಚಿಕೊಟ್ಟವರ ಕೋಟಿಗೆ ಒಂದೇ ಒಂದು ಗುಂಡಿಯಿತ್ತು. ಅದರ ಎದೆಪಟ್ಟಿಯಲ್ಲಿ ದಾರ ಪೋಣಿಸಿದ ಸೂಜಿಗಳು ಮಿನುಗುತ್ತಿದ್ದವು. ಬಾಗಿಲ ಕಾವಲುಗಾರ ದಿನವೂ ಅವನ್ನು ಬಿಚ್ಚಿಡಿಸುವನು.

"ಸೂಜಿ ಹಿಡ್ಕೊಂಡು ಯಾರನ್ನ ಕೊಲ್ಲೋಕೆ ಹೊರಟಿದ್ದೀರಿ ಮಾಸ್ಟರೇ?"

"ಕೊಲ್ಲೋರು ಸೂಜಿ ತರ್ತಾರೇನಪ್ಪ? ಅವರಿಗೆ ಚೀಲ ಬೇಕು."

ಅವರು ನನ್ನ ಮನೆ ಹುಡುಕಿಕೊಂಡು ಬಂದದ್ದು ಒಂದು ಮಧ್ಯಾಹ್ನ. ಹೊಸ್ತಿಲಾಚೆ ನಿಂತು, ನಮಸ್ಕಾರವೂ ಇಲ್ಲದೆ, "ಅಮ್ಮ, ನಿಮ್ಮ ತಂಗಿ ಆವತ್ತು ಯಾವ ಅಂಗಿ ಹಾಕಿದ್ರು?" ಎಂದರು.

"ಹಸಿರು. ನೀಲಿ ಗೆರೆ. ನಿಮ್ಮಲ್ಲೇ ಹೊಲಿಸಿದ್ದು."

ಸದಾ ತುಳಿಯುತ್ತಿದ್ದ ಆ ಕಾಲು ನಿಂತಿತು.

ನಡೆದದ್ದು ಇಷ್ಟು. ಬಾಂಬು ಸಿಡಿದ ದಿನ ಅವರ ಹೆಂಡತಿಯೂ ಅದೇ ನಿಲ್ದಾಣಕ್ಕೆ ಹೋಗಿದ್ದರು. ಆಸ್ಪತ್ರೆಯಲ್ಲಿ ಮುಖವೇ ಉಳಿಯದ ಒಂದು ದೇಹದ ಮೇಲೆ ಮಾಸ್ಟರು ತಮ್ಮ ಕೈಯ ಹೊಲಿಗೆಯನ್ನು ಕಂಡರು. ತೋಳಿನ ಕಂಕುಳಲ್ಲಿ ಅವರು ಹಾಕುತ್ತಿದ್ದ ಅಡ್ಡಹೊಲಿಗೆ ಬೇರೆ ಯಾವ ದರ್ಜಿಗೂ ಬರುತ್ತಿರಲಿಲ್ಲ. ಅದೇ ಬಟ್ಟೆಯ ಅಂಗಿಯನ್ನು ಹೆಂಡತಿಗೂ ಹೊಲಿದುಕೊಟ್ಟಿದ್ದರು, ಹೆಂಡತಿ ಮನೆಗೆ ಮರಳಿರಲಿಲ್ಲ. ಇನ್ನೇನು ಯೋಚಿಸಬೇಕು? "ನನ್ನವಳು" ಎಂದರು. ಮಣ್ಣು ಮಾಡಿದರು. ಪರಿಹಾರ ಬಂತು, ಅದರಲ್ಲಿ ಮೋಟಾರಿನ ಹೊಸ ಯಂತ್ರವನ್ನೂ ಕೊಂಡರು. ಆಮೇಲೊಂದು ದಿನ ಹೆಂಡತಿಯ ಟ್ರಂಕು ತೆರೆದರೆ, ಹಸಿರಿನ ಮೇಲೆ ನೀಲಿ ಗೆರೆಯ ಅಂಗಿ ಮಡಿಸಿಟ್ಟಂತೆಯೇ ಇದೆ. ಒಂದೇ ಥಾನಿನಿಂದ ಎರಡು ಅಂಗಿ ಕತ್ತರಿಸಿದ್ದು ಅವರಿಗೆ ಆಗ ನೆನಪಾಯಿತು; ಎರಡನೆಯದನ್ನು ಒಯ್ದವಳು ನನ್ನ ತಂಗಿ ಎಂಬುದು ಅಂಗಡಿಯ ಹಳೆಯ ಅಳತೆ ಪುಸ್ತಕ ಹುಡುಕಿ ತೆಗೆದ ಮೇಲೆ ತಿಳಿಯಿತು.

"ನಿಮ್ಮ ತಂಗೀನ ನನ್ನ ಹೆಂಡ್ತಿ ಅಂತ ಮಣ್ಣು ಮಾಡಿಬಿಟ್ಟೆ ಅಮ್ಮ" ಎಂದರು.

ನನಗೆ ಅಳುವೂ ಬರಲಿಲ್ಲ, ಬೈಗುಳವೂ ಬರಲಿಲ್ಲ. ಬಾಯಿಗೆ ಬಂದದ್ದು ಒಂದೇ ಮಾತು: "ಚೆನ್ನಾಗಿ ಮಾಡಿದ್ರಾ?"

"ಹೆಂಡ್ತಿಗೆ ಅಂತ ಮಾಡಿದ್ದು."

ಅಲ್ಲಿಂದ ಮುಂದೆ ಇಬ್ಬರೂ ಕೂಡಿ ಕಚೇರಿಗೆ ಅಲೆದೆವು. ದೊಡ್ಡ ಅಧಿಕಾರಿ ಕೆಟ್ಟವನಲ್ಲ, ದಣಿದವನು. "ಒಬ್ರು ಹೋಗಿದ್ದು ಖಾತ್ರಿ, ಒಬ್ರಿಗೆ ಕೊಟ್ಟಿದ್ದೂ ಆಯ್ತು. ಲೆಕ್ಕ ಸರಿಯಾಗೇ ಇದೆಯಲ್ಲ ಮಾಸ್ಟರೇ, ಯಾಕೆ ಕೆದಕ್ತೀರಿ?"

"ಲೆಕ್ಕ ಸರಿ ಸಾರ್. ಹೆಣ ಬೇರೆ."

"ಬಿಟ್ಟುಕೊಟ್ರೆ ನಿಮ್ಮ ಹೆಂಡ್ತಿ ಕಾಣೆಯಾದವರ ಪಟ್ಟಿಗೆ ಹೋಗ್ತಾರೆ. ನಿಮಗೆ ಪರಿಹಾರನೂ ಇಲ್ಲ, ಸಮಾಧಿನೂ ಇಲ್ಲ. ತಿಳೀತಾ?"

ತಿಳಿದಿತ್ತು. ಆ ಮಾತಿಗೆ ಅವರ ಮುಖ ಹಳೆಯ ಬಟ್ಟೆಯಂತೆ ಸುಕ್ಕಾದದ್ದನ್ನು ನಾನು ಪಕ್ಕದಲ್ಲೇ ನಿಂತು ಕಂಡೆ. ಆದರೂ ಟ್ರಂಕಿನ ಅಂಗಿಯನ್ನು ಮೇಜಿನ ಮೇಲೆ ಹರಡಿ, ಅದರ ಅಡ್ಡಹೊಲಿಗೆಯ ಮೇಲೆ ಬೆರಳಿಟ್ಟು, ಅಧಿಕಾರಿ ನೋಡುವ ತನಕ ಬೆರಳು ತೆಗೆಯಲಿಲ್ಲ. ಅಂತೂ ಹೆಸರು ತಿದ್ದಿದರು. ಮೋಟಾರಿನ ಯಂತ್ರ ಮಾರಿ, ಕೊರತೆ ಬಿದ್ದದ್ದಕ್ಕೆ ಸಾಲ ಮಾಡಿ, ಮಾಸ್ಟರು ಹಣ ಹಿಂದಿರುಗಿಸಿದರು. ಪರಿಹಾರ ನನ್ನ ತಂಗಿಯ ಮಗಳಿಗೆ ಬಂತು.

ನಮಗೆ ಅತ್ತು ಮುಗಿಸಲು ಒಂದು ಜಾಗ ಸಿಕ್ಕಿತು. ಅವರಿಗಿದ್ದ ಜಾಗ ಹೋಯಿತು. ಆಮೇಲೆ ಅವರ ನಡಿಗೆ ಇನ್ನೂ ಬಿರುಸಾಯಿತು. ಅರ್ಧ ಹೊಲಿದ ತೋಳನ್ನು ಹಳೆಯ ಯಂತ್ರದಲ್ಲೇ ಬಿಟ್ಟು, ಬೀದಿಯಲ್ಲಿ ಹೋಗುವ ಯಾವುದೋ ಹೆಂಗಸಿನ ಹಿಂದೆ ಮೂಲೆಯ ತನಕ ಓಡಿ, ಮುಖ ನೋಡಿ, "ತಪ್ಪಾಯ್ತು ತಾಯಿ" ಎಂದು ಮರಳುವರು. ಗಿರಾಕಿಗಳು ಬೇರೆ ಅಂಗಡಿ ನೋಡಿಕೊಂಡರು. "ಇದ್ರೂ ಇರಬಹುದಲ್ಲ ಅಮ್ಮ?" ಎಂದು ನನ್ನನ್ನು ಕೇಳುವರು; ನಾನು ಕಾಫಿ ಕೊಡುವೆ, ನಿಂತೇ ಕುಡಿಯುವರು.

ನಿಜ ಹೇಳಿದವರಿಗೆ ಮನಸ್ಸು ಹಗುರವಾಗುತ್ತದೆ ಎಂದು ಸುಖದಲ್ಲಿರುವವರು ಹೇಳುತ್ತಾರೆ. ನಾನು ಕಂಡದ್ದು ಬೇರೆ. ತಮ್ಮ ದುಃಖವನ್ನು ಒಂದು ಹೆಸರಿನ ಕೆಳಗೆ ಮಲಗಿಸಿ ಸುಮ್ಮನಿರಬಹುದಾಗಿದ್ದ ಇಂಥವರು, ಇನ್ನೊಬ್ಬರ ಮಗುವಿಗಾಗಿ ಅದನ್ನು ಎಬ್ಬಿಸಿ ಬೀದಿಗೆ ಬಿಡುತ್ತಾರೆ. ಬಿಟ್ಟ ಮೇಲೆ ಅದರ ಹಿಂದೆಯೇ ಓಡುತ್ತಾರೆ. ಲೋಕ ಅಂಥವರನ್ನು ಹುಚ್ಚರ ಲೆಕ್ಕಕ್ಕೆ ಸೇರಿಸುತ್ತದೆ, ಅವರಿಂದ ಉಪಕಾರ ಪಡೆದ ನಮ್ಮಂಥವರು ಅವರ ಚಡಪಡಿಕೆಯನ್ನು ನೋಡಲಾರದೆ ಕಣ್ಣು ತಪ್ಪಿಸುತ್ತೇವೆ.

ಏಳು ವರ್ಷ ತುಂಬಿದಾಗ ಕಚೇರಿಯಿಂದ ಅವರಿಗೆ ಕರೆ ಬಂತು: ಹೆಂಡತಿ ತೀರಿಕೊಂಡಿದ್ದಾರೆಂದು ಸಾಕ್ಷಿ ಹೇಳಿದರೆ ಪರಿಹಾರ ಕೊಡುತ್ತಾರಂತೆ. ಅಂದು ಬೆಳಿಗ್ಗೆ ಬಂದವರು ಮೊದಲ ಬಾರಿಗೆ ನನ್ನ ಮನೆಯ ಮಣೆಯ ಮೇಲೆ ಕೂತರು.

"ಒಂದ್ಸಲ ಈ ಬಾಯಲ್ಲೇ ಅವಳು ಸತ್ತಳು ಅಂತ ಹೇಳಿ ತಪ್ಪು ಮಾಡಿದೀನಿ ಅಮ್ಮ. ಇನ್ನೊಂದ್ಸಲ ನನ್ನ ಕೈಲಿ ಆಗಲ್ಲ. ನನ್ನ ಬದಲು ನೀವು ಬಂದು ಹೇಳ್ತೀರಾ?"