ಅಪ್ಪ ಬರೆದ ರಟ್ಟುಗಳು

ವಕೀಲರ ಆಫೀಸಿನ ಫ್ಯಾನಿನ ಗಾಳಿಗೆ ಕರಾರಿನ ಕಾಗದದ ಮೂಲೆ ಎದ್ದೆದ್ದು ಬೀಳುತ್ತಿದೆ, ಪೆನ್ನು ಇಟ್ಟರೂ ಸುಮ್ಮನಿರುವುದಿಲ್ಲ, ಥೇಟ್ ಅಪ್ಪ, ತೀರಿಹೋಗಿ ಎರಡು ವರ್ಷವಾದರೂ ಸುಮ್ಮನಿರುವ ಜಾತಿಯಲ್ಲ — ಇಲ್ಲಿ ಸೈನ್ ಮಾಡಿ ಅಕ್ಕಾ ಎಂದು ವಕೀಲ ಗುರುಪ್ರಸನ್ನ ಅವರು ಬೆರಳಿಟ್ಟ ಜಾಗವನ್ನೇ ಚಂದ್ರಾ ನೋಡಿದಳು, ಅಷ್ಟು ಚಿಕ್ಕ ಜಾಗ, ಅದರಲ್ಲಿ ಅಪ್ಪನ ಕಥೆ ಪೂರ್ತಿ ಹಿಡಿಸುತ್ತದಂತೆ, ಬರೆದವರು ತೀರಿಕೊಂಡ ಮರುವರ್ಷದಿಂದ ಅರವತ್ತು ವರ್ಷ ಹಕ್ಕು ವಾರಸುದಾರರದ್ದು ಅಕ್ಕಾ, ನೀವೊಬ್ಬರೇ ಮಗಳು, ಎಲ್ಲಾ ನಿಮ್ಮದೇ. ಅರವತ್ತು ವರ್ಷ! ಅವಳಿಗೀಗ ಐವತ್ತೊಂದು, ತಾನು ಬೂದಿಯಾದ ಮೇಲೂ ಉಳಿಯುವ ಆಸ್ತಿ, ಬರೀ ಮಾತಿನ ಆಸ್ತಿ, ಅದೂ ಕನ್ನಡದ ಒಂದಕ್ಷರ ಓದಲು ಬಾರದ ಅವಳ ಪಾಲಿಗೆ. ಮನೆಯಲ್ಲಿ ಆಡುವುದು ಕನ್ನಡ, ಸ್ಕೂಲಲ್ಲಿ ಕಲಿತದ್ದು ತಮಿಳು, ತಮಿಳು ಸೀಮೆಯ ಸಿರುಮುಗೈಯ ಅವರ ನೇಕಾರರ ಬೀದಿಯಲ್ಲಿ ಎಲ್ಲರೂ ಹಾಗೆಯೇ, ಅಪ್ಪ ಗೋವಿಂದಸಾಮಿಗೆ ಮಾತ್ರ ಅರವತ್ತು ದಾಟಿದ ಮೇಲೆ ಅದೇನು ಹುಚ್ಚು ಹಿಡಿಯಿತೋ, ಒಂದನೇ ಕ್ಲಾಸಿನ ಕನ್ನಡ ಪುಸ್ತಕ ತರಿಸಿ ಅ ಆ ತಿದ್ದಿದ, ಆಮೇಲೆ ಸೀರೆಯ ಅಂಚಿನ ವಿನ್ಯಾಸವನ್ನು ತೂತು ತೂತಾಗಿ ಕೊರೆದ ಹಳೆಯ ರಟ್ಟುಗಳು, ಮಗ್ಗದ ಮೇಲೆ ಸರಪಳಿಯಾಗಿ ತಿರುಗುವಂಥವು, ಅವುಗಳ ಬೆನ್ನಿಗೆ, ತೂತುಗಳನ್ನು ದಾಟಿ ದಾಟಿ, ಬರೆದೇ ಬರೆದ. ಯಾರಿಗಪ್ಪಾ ಕಾಗದ, ಆ ಮುರುಗ ದೇವರಿಗಾ? ಬೀದಿಯೆಲ್ಲ ನಕ್ಕಿತು, ಅವಳೂ ನಕ್ಕಳು. ನಮ್ ಮಾತು ನಮ್ ಕೂಡಾನೇ ಹೋಗ್ಬುಡಬಾರ್ದು ಅಮ್ಮಣಿ, ಅಂದಿದ್ದ ಅಪ್ಪ. ಅಮ್ಮಣಿ, ಅವಳಿಗೆ ಮೊಮ್ಮಗಳು ಹುಟ್ಟಿದ ಮೇಲೂ ಅಪ್ಪ ಕರೆದದ್ದು ಹಾಗೇ. ಅವನು ಹೋದ ಮೇಲೆ ಮಾವಿನಕಾಯಿ ಅಂಚಿನ ಸೀರೆಗೆ ಆರ್ಡರ್ ಬಂತು, ರಟ್ಟು ಹುಡುಕಿದರೆ ಸಿಕ್ಕಿದ್ದು ಅದೇ ಕಟ್ಟು, ತೂತಿನ ಕ್ರಮ ನೋಡಿ ಹೊಲಿದು ಮಗ್ಗಕ್ಕೇರಿಸಿದಳು — ತೂತು ಓದಲು ಬರುತ್ತದೆ, ಅಕ್ಷರ ಬರುವುದಿಲ್ಲ, ಏನು ಮಾಡುವುದು — ಒಂಬತ್ತು ಸೀರೆ ನೇಯ್ದಳು, ಅಷ್ಟು ದಿನವೂ ತಲೆಯ ಮೇಲೆ ಅಪ್ಪ ಸುತ್ತುತ್ತಲೇ ಇದ್ದ. ಹತ್ತನೆಯದು ಮಗ್ಗದಲ್ಲಿದ್ದಾಗ ತಮ್ಮ ತಂಗಿಯ ಮದುವೆಗೆ ಸೀರೆ ನೋಡಲು ಬಂದ, ಕನ್ನಡ ಓದಬಲ್ಲ ಈ ವಕೀಲರು ಕತ್ತೆತ್ತಿ ನಿಂತುಬಿಟ್ಟರು, ಅಕ್ಕಾ, ಇನ್ನೊಂದು ಸಲ ತುಳೀರಿ. ಕಾಲುಮಣೆ ತುಳಿದಳು, ರಟ್ಟು ಮಗುಚಿತು, ಅವರು ಓದಿದರು. ತುಳಿದಳು, ಓದಿದರು. ಅಪ್ಪನೂ ನೇಕಾರನೇ, ಕ್ರಮ ತಪ್ಪಿ ಬರೆದವನಲ್ಲ, ರಟ್ಟಿನಿಂದ ರಟ್ಟಿಗೆ ಕಥೆ ಸಾಗಿತು, ಭವಾನಿ ಹೊಳೆ ಬಂತು, ಅಜ್ಜಿ ಸಾಮಿಯಾತಾಳ್ ಗಂಜಿ ಪಾತ್ರೆ ಹಿಡಿದು ಬಂದಳು, ಐದು ವರ್ಷದ ಹುಡುಗಿಯೊಬ್ಬಳು, ನೇಯುವವರು ಕಾಲು ಇಳಿಬಿಡುವ ಮಗ್ಗದ ಗುಂಡಿಯಲ್ಲಿ, ನಿದ್ದೆಹೋದಳು, ಎಬ್ಬಿಸಬಾರದೆಂದು ಅಪ್ಪ ಮಧ್ಯಾಹ್ನವೆಲ್ಲ ತುಳಿಯದೆ ಕೂತ — ಅಯ್ಯೋ, ನಾನೇ ಅದು, ಮತ್ತೆ ತುಳಿದಳು, ನಿಲ್ಲಿಸಿದರೆ ಅಪ್ಪ ನಿಂತುಬಿಡುತ್ತಾನೆ. ಸತ್ತವರು ಇಷ್ಟು ಸಲೀಸಾಗಿ ಮಾತಾಡುತ್ತಾರಾ, ನೋಡಿ ಅಕ್ಕಾ, ಇದೇ ಅಮ್ಮಣಿ ಅನ್ನೋ ಪದ ಎಂದು ಅವರು ತೋರಿಸಿದರು, ಪದದ ಪಕ್ಕದಲ್ಲೊಂದು ತೂತು, ತೂತಿನಲ್ಲಿ ಬಿಸಿಲು.

ಕಾಗದ ಮತ್ತೆ ಎದ್ದಿತು. ಪ್ರಕಾಶಕರು ಒಪ್ಪಿದ್ದಾರೆ ಅಕ್ಕಾ, ಷರತ್ತು ಒಂದೇ, ಭಾಷೆ ತಿದ್ದುವ ಅಧಿಕಾರ ಅವರಿಗೆ ಕೊಡಬೇಕು, ತಮಿಳು ತುಂಬಾ ಸೇರಿದೆಯಂತೆ. ಏನ್ನ ತಿದ್ತಾರೆ ಸಾರ್? ಈಗ ನೋಡಿ, ಅಮ್ಮಣಿ ಅಂತಿರೋ ಕಡೆಯೆಲ್ಲ ಮಗಳೇ ಅಂತ. ಮಗಳೇ. ಅಪ್ಪ ಒಂದು ದಿನವೂ ಹಾಗೆ ಕರೆದವನಲ್ಲ, ಗುಂಡಿಯಲ್ಲಿ ಯಾರದೋ ಹುಡುಗಿ ಬಂದು ಮಲಗಿದಂತಾಯಿತು. ಸೈನ್ ಹಾಕದಿದ್ದರೆ ಪುಸ್ತಕವಿಲ್ಲ, ರಟ್ಟು ಗೆದ್ದಲಿನ ಪಾಲು, ಮಗಳು ಸುಗನ್ಯಾಗೂ ಓದಲು ಬಾರದು; ಹಾಕಿದರೆ ಅಪ್ಪ ಇನ್ನಾರದೋ ಬಾಯಲ್ಲಿ ಮಾತಾಡಬೇಕು, ಅರವತ್ತು ವರ್ಷ — ಆ ತಿದ್ದೋ ಅಧಿಕಾರದ ಸಾಲು ಯಾವುದು ಸಾರ್, ಇದಾ, ಪೆನ್ನೆತ್ತಿ ಅದರ ಮೇಲೆ ಗೀಟು ಎಳೆದಳು, ಕೆಳಗೆ ತಮಿಳಿನಲ್ಲಿ ತನ್ನ ಹೆಸರು ಬರೆದಳು. ಅವ್ರು ಬೇಡ ಅಂದ್ಬಿಟ್ರೆ ಅಕ್ಕಾ? ಅನ್ಲಿ ಸಾರ್, ಅಲ್ಲಿ ಮಲಗಿರೋದು ನಾನು, ನನ್ನ ಎಬ್ಬಿಸ್ಬೇಡಿ. ಅವರು ಪ್ರಕಾಶಕರಿಗೆ ಫೋನ್ ಹಚ್ಚಿದರು, ರಿಂಗಾಗುತ್ತಿದೆ, ಹೊರಗೆ ತುಡಿಯಲೂರು ಪೇಟೆಯ ಬಸ್ಸುಗಳ ಹಾರ್ನು, ಇನ್ನೂ ಯಾರೂ ಎತ್ತುತ್ತಿಲ್ಲ, ಮೇಜಿನ ಕೆಳಗೆ ಅವಳ ಕಾಲು ತಾನಾಗಿ ತುಳಿಯುತ್ತಿದೆ, ತಲೆಯೊಳಗೆ ರಟ್ಟು ಮಗುಚುತ್ತದೆ, ಅಮ್ಮಣಿ, ಪಕ್ಕದಲ್ಲೊಂದು ತೂತು, ತೂತಿನಲ್ಲಿ ಬಿಸಿಲು, ಇನ್ನೊಮ್ಮೆ ತುಳಿದರೆ ಅಮ್ಮಣಿ, ತೂತಿನಲ್ಲಿ ಬಿಸಿಲು